ಮೊದಲು ಬಿಲ್, ಆಮೇಲೆ ಟ್ಯಾಲಿ

ಹುಬ್ಬಳ್ಳಿಯ ಒಂದು ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದುರ್ಗದಬೈಲಿನ ಬಟ್ಟೆ ಅಂಗಡಿಯವರು, ಅಮರಗೋಳ ಎಪಿಎಂಸಿಯ ದಲಾಲರು, ಗೋಕುಲ ರೋಡಿನ ಸಣ್ಣ ಕಾರ್ಖಾನೆಯವರು ನಮ್ಮ ಗಿರಾಕಿಗಳು. ಕೆಲಸಕ್ಕೆ ಸೇರುವವರು ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರು. ಅಣ್ಣಿಗೇರಿ, ಗದಗ, ಕುಂದಗೋಳದಿಂದ ದಿನಾ ಓಡಾಡುವವರೇ ಜಾಸ್ತಿ. ಅವರನ್ನು ತಯಾರು ಮಾಡುವ ಕೆಲಸವೂ ನನ್ನದೇ.

ಎಲ್ಲರ ಹತ್ತಿರವೂ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಸರ್ಟಿಫಿಕೇಟ್ ಇರುತ್ತದೆ. ಎಫ್8 ಸೇಲ್ಸ್, ಎಫ್9 ಪರ್ಚೇಸ್, ಎಫ್5 ಪೇಮೆಂಟ್ ಎಂದು ಪಟಪಟ ಹೇಳುತ್ತಾರೆ. ಒಂದು ಫ್ಯಾನಿನ ಬಿಲ್ ಕೈಗೆ ಕೊಟ್ಟು "ಇದನ್ನ ಎಲ್ಲಿ ಹಾಕ್ತೀಯವ್ವಾ?" ಅಂದರೆ ಸುಮ್ಮನಾಗುತ್ತಾರೆ. ಫ್ಯಾನ್ ಮಾರುವ ಅಂಗಡಿಗೆ ಅದು ಸರಕು, ಬಟ್ಟೆ ಅಂಗಡಿಗೆ ಆಸ್ತಿ. ಯಾವ ಗುಂಡಿ ಒತ್ತಿದರೂ ಟ್ಯಾಲಿ ಇದನ್ನು ಹೇಳುವುದಿಲ್ಲ.

ಅದಕ್ಕೇ ಮೊದಲ ವಾರ ಕಂಪ್ಯೂಟರ್ ಮುಟ್ಟಿಸುವುದಿಲ್ಲ. ಹಳೇ ಬಿಲ್‌ಗಳ ಒಂದು ಕಟ್ಟು, ಒಂದು ಪೆನ್ಸಿಲ್, ಅಷ್ಟೇ. ಮೊದಲು ಓದಿಸುವುದು ಜಿಎಸ್‌ಟಿ ನಂಬರ್. ಅದರಲ್ಲಿ 15 ಅಕ್ಷರ. ಮೊದಲಿನ ಎರಡು ಅಂಕಿ ರಾಜ್ಯದ್ದು: 29 ಇದ್ದರೆ ಕರ್ನಾಟಕ, 27 ಇದ್ದರೆ ಮಹಾರಾಷ್ಟ್ರ. ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಮಹಾರಾಷ್ಟ್ರದ ಇಚಲಕರಂಜಿಯಿಂದ ಒಂದು ಲಕ್ಷದ ಬಟ್ಟೆ ಹುಬ್ಬಳ್ಳಿಗೆ ಬಂದರೆ, ರಾಜ್ಯ ದಾಟಿದ ಮಾಲಿನ ತೆರಿಗೆ ಐಜಿಎಸ್‌ಟಿ 5,000. ಅದೇ ಮಾಲು ಬೆಂಗಳೂರಿನಿಂದ ಬಂದರೆ ಕೇಂದ್ರದ ಪಾಲು ಸಿಜಿಎಸ್‌ಟಿ 2,500, ರಾಜ್ಯದ ಪಾಲು ಎಸ್‌ಜಿಎಸ್‌ಟಿ 2,500. ಈ ಲೆಕ್ಕ ತಲೆಗೆ ಹೋದರೆ ಬಿಲ್ ನೋಡಿದ ಕೂಡಲೇ ತಪ್ಪು ಕಣ್ಣಿಗೆ ಬೀಳುತ್ತದೆ.

ನಿಜವಾದ ಪಾಠ ಶುರುವಾಗುವುದು ತಿಂಗಳ 14ರ ನಂತರ. 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ತಯಾರಾಗುತ್ತದೆ. ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳ ಪಟ್ಟಿ ಅದು. 2022ರ ಜನವರಿ 1ರಿಂದ ಬಿಲ್ ಅದರಲ್ಲಿ ಬರದಿದ್ದರೆ ಖರೀದಿಯಲ್ಲಿ ನಾವು ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆಯಲು ಬರುವುದಿಲ್ಲ. 20ರೊಳಗೆ 3ಬಿ, ಅಂದರೆ ತಿಂಗಳ ತೆರಿಗೆ ಲೆಕ್ಕದ ರಿಟರ್ನ್ ತುಂಬಬೇಕು. ಅಷ್ಟರಲ್ಲಿ ನಮ್ಮ ಖರೀದಿ ಪುಸ್ತಕ, ಆ ಪಟ್ಟಿ ಎರಡೂ ತಾಳೆಯಾಗಬೇಕು.

ಎಕ್ಸೆಲ್ ಕಲಿಸುವುದು ಇಲ್ಲೇ. ಬೇರೆ ಕ್ಲಾಸ್ ಇಲ್ಲ. ಒಂದು ಪಟ್ಟಿಯದನ್ನು ಇನ್ನೊಂದರಲ್ಲಿ ಹುಡುಕುವ ವಿ-ಲುಕಪ್ ಸೂತ್ರವನ್ನು ಇಲ್ಲಿ ಹಾಕಿದರೆ ಸಾಲು ಸಾಲಾಗಿ 'ಸಿಗಲಿಲ್ಲ' ಅಂತಲೇ ಬರುತ್ತದೆ. ಯಾಕೆ ಅಂತ ಅವರೇ ಹುಡುಕಬೇಕು. ಬಿಲ್ ಮೇಲೆ 0457 ಇರುತ್ತದೆ, ನಮ್ಮವರು ಟ್ಯಾಲಿಯಲ್ಲಿ 457 ಅಂತ ಹೊಡೆದಿರುತ್ತಾರೆ. ಕೆಲವು ಕಡೆ ಕೊನೆಯಲ್ಲೊಂದು ಖಾಲಿ ಜಾಗ ಸೇರಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಟ್ರಿಮ್ ಅನ್ನೋ ಸೂತ್ರ ಹಾಕಿದರೆ ಹೋಗುತ್ತದೆ. ಇನ್ನು ಕೆಲವು ಸೆಲ್‌ಗಳ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ. ನೋಡಲು ಅಂಕಿ, ಎಕ್ಸೆಲ್ ಲೆಕ್ಕದಲ್ಲಿ ಅದು ಅಕ್ಷರ! ಜಿಎಸ್‌ಟಿ ನಂಬರಿನ ಜೊತೆ ಬಿಲ್ ನಂಬರಿನ ಅಂಕಿಗಳನ್ನಷ್ಟೇ ಜೋಡಿಸಿ ಹುಡುಕಲು ಹೇಳುತ್ತೇನೆ. ಪೈಸೆಯ ಫರಕು ಬಿಟ್ಟುಬಿಡಿ ಅನ್ನುತ್ತೇನೆ, ಅದರ ಹಿಂದೆ ಬಿದ್ದರೆ ಸಂಜೆ ರೈಲು ತಪ್ಪುತ್ತದೆ.

ಇಷ್ಟಾದರೂ ಕೆಲವು ಬಿಲ್ ಉಳಿಯುತ್ತವೆ. ಅವಕ್ಕೆ ಫೋನೇ ಗತಿ. ನನ್ನ ಪ್ರಕಾರ ಇದು ಎಕ್ಸೆಲ್‌ಗಿಂತ ಕಷ್ಟದ ವಿದ್ಯೆ, ಯಾವ ಇನ್‌ಸ್ಟಿಟ್ಯೂಟಿನಲ್ಲೂ ಕಲಿಸಿದ್ದನ್ನು ನಾನು ನೋಡಿಲ್ಲ. "ನೀವು ರಿಟರ್ನ್ ಹಾಕಿಲ್ಲ" ಅಂದರೆ ವ್ಯಾಪಾರಸ್ಥರು ಫೋನ್ ಇಟ್ಟೇ ಬಿಡುತ್ತಾರೆ. ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಮಾತಾಡಿ ತೋರಿಸುತ್ತೇನೆ: "ಅಣ್ಣಾರ, ಆರಾಮ್ ಅದೀರೇನ್ರಿ? ನಿಮ್ಮ 457ನೇ ಬಿಲ್ ನಮ್ಮ ಕಡೆ ಕಾಣವಲ್ದು, ಒಂದೀಟು ನೋಡ್ರಲ್ಲ." ಕೆಲವರು ಮೂರು ತಿಂಗಳಿಗೊಮ್ಮೆ ರಿಟರ್ನ್ ತುಂಬುವವರು. ಅವರೂ 13ರೊಳಗೆ ಪೋರ್ಟಲ್‌ನ ಐಎಫ್‌ಎಫ್ ಅನ್ನೋ ಸೌಲಭ್ಯದಲ್ಲಿ ಬಿಲ್ ಏರಿಸಬಹುದು ಅಂತ ತಿಳಿಸಿದರೆ ಮುಂದಿನ ತಿಂಗಳಾದರೂ ಹಾಕುತ್ತಾರೆ.

ಮನೆಯಲ್ಲಿ ರೂಢಿ ಮಾಡಲು ದುಡ್ಡು ಬೇಕಿಲ್ಲ. ಟ್ಯಾಲಿಪ್ರೈಮ್ ಎಜುಕೇಶನಲ್ ಮೋಡ್‌ನಲ್ಲಿ ಲೈಸೆನ್ಸ್ ಇಲ್ಲದೆ ನಡೆಯುತ್ತದೆ. ತಿಂಗಳ 1, 2ರಂಥ ಕೆಲವೇ ತಾರೀಕಿಗೆ ಎಂಟ್ರಿ ಹಾಕಬಹುದು, ಕಲಿಯಲು ಅಷ್ಟು ಸಾಕಲ್ವಾ? ಮನೆ ಪಕ್ಕದ ಕಿರಾಣಿ ಅಂಗಡಿಯವರನ್ನು ಕೇಳಿ ಒಂದು ತಿಂಗಳ ಖರೀದಿ ಬಿಲ್ ತಂದುಕೊಳ್ಳಿ ಅನ್ನುತ್ತೇನೆ. ಹಾಗೆ ತಂದವರು ಬೇಗ ಕಲಿಯುತ್ತಾರೆ.

ಈಗ ಇಂಟರ್‌ವ್ಯೂನಲ್ಲೂ ಸರ್ಟಿಫಿಕೇಟ್ ಕೇಳುವುದಿಲ್ಲ. 27ರಿಂದ ಶುರುವಾಗುವ ನಂಬರಿದ್ದೂ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿರುವ ಒಂದು ಬಿಲ್ ಮುಂದಿಡುತ್ತೇನೆ. "ಮೇಡಂ, ಇದೇನೋ ಸರಿ ಇಲ್ಲ ಅನಸ್ತದ್ರಿ" ಅಂದವರಿಗೆ ಸೋಮವಾರದಿಂದ ಬರಲು ಹೇಳುತ್ತೇನೆ.