ರೂಟರ್ ಬದಲಿಸುವ ಮೊದಲು ಅದರ ಜಾಗ ಬದಲಿಸಿ

ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆ ಮನೆಯಲ್ಲಿ ರೂಟರ್ ಮೂರು ವರ್ಷ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೇ ಇತ್ತು. ಕೇಬಲ್ ಎಳೆದ ಹುಡುಗ ಅಲ್ಲಿ ಇಟ್ಟು ಹೋಗಿದ್ದ, ನಾವೂ ಸುಮ್ನೆ ಬಿಟ್ಟಿದ್ದೆವು. ಒಂದು ದಿನ ಒಳಕೋಣೆಯಲ್ಲಿ ಮಗಳ ಆನ್‌ಲೈನ್ ಪರೀಕ್ಷೆ ನಡೆಯುವಾಗ ನೆಟ್ ನಿಂತುಹೋಯಿತು. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿಬಂದು, ಚಪ್ಪಲಿಗಳ ಪಕ್ಕ ನೆಲದ ಮೇಲೆ ಕೂತು ಉಳಿದ ಪ್ರಶ್ನೆ ಮುಗಿಸಿದಳು. ಮರುದಿನವೇ ಹೊಸ ರೂಟರ್ ತರಲು ಹೊರಟಿದ್ದೆ. ತರುವ ಮೊದಲು ಒಮ್ಮೆ ಅಳೆದು ನೋಡಿದ್ದು ಒಳ್ಳೆಯದಾಯಿತು.

ನೀವೂ ಅಲ್ಲಿಂದಲೇ ಶುರು ಮಾಡಿ. ರೂಟರಿನ ಪಕ್ಕ ನಿಂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ತೊಂದರೆ ಇರುವ ಕೋಣೆಯಲ್ಲಿ ಮಾಡಿ. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ ನೋಡಿದರೆ ಇನ್ನೂ ಖಚಿತ. ಕೇಬಲ್‌ನಲ್ಲೇ ವೇಗ ಕಡಿಮೆ ಇದ್ದರೆ ಬಹುಶಃ ತಪ್ಪು ಲೈನಿನದು, ಕಂಪನಿಗೆ ದೂರು ಕೊಡಿ. ಹತ್ತಿರ ಚೆನ್ನಾಗಿದ್ದು ದೂರದಲ್ಲಿ ಕೆಟ್ಟಿದ್ದರೆ ತೊಂದರೆ ಮನೆಯೊಳಗಿನದು. ನಮ್ಮಲ್ಲಿ ರೂಟರ್ ಪಕ್ಕ 92 ಎಂಬಿಪಿಎಸ್, ಒಳಕೋಣೆಯಲ್ಲಿ ಬರೀ 7!

ಕಾರಣ ಕಣ್ಣೆದುರಿಗೇ ಇತ್ತು. ರೂಟರಿಗೂ ಮಗಳ ಮೇಜಿಗೂ ನಡುವೆ ಕಾಂಕ್ರೀಟ್ ಕಂಬ, ಅದರಾಚೆ ಕನ್ನಡಿ ಇರುವ ಸ್ಟೀಲ್ ಕಪಾಟು. ಲೋಹ ವೈಫೈ ಅಲೆಯನ್ನು ತಿರುಗಿಸಿಬಿಡುತ್ತದೆ, ನೀರು ಹೀರಿಕೊಳ್ಳುತ್ತದೆ. ನೀರು ತುಂಬಿಟ್ಟ ಡ್ರಮ್ಮು, ಮೀನಿನ ತೊಟ್ಟಿ ಕೂಡ ಅಡ್ಡಿಯೇ. ರೂಟರನ್ನು ಟಿವಿ ಹಿಂದೆ, ಕಪಾಟಿನೊಳಗೆ, ನೆಲದ ಮೇಲೆ ಇಡಬೇಡಿ. ಮನೆಯ ನಡುಭಾಗದಲ್ಲಿ, ತಲೆಗಿಂತ ಸ್ವಲ್ಪ ಎತ್ತರದಲ್ಲಿ ಇಡಿ. ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿ, ಆಗ ಸಿಗ್ನಲ್ ಸುತ್ತಲೂ ಅಡ್ಡಡ್ಡ ಹರಡುತ್ತದೆ. ನಾನು ಉದ್ದದ ಲ್ಯಾನ್ ಕೇಬಲ್ ತಂದು, ಗೋಡೆಯಂಚಿಗೆ ಕ್ಲಿಪ್ ಹೊಡೆದು, ರೂಟರನ್ನು ಹಾಲ್ ಮತ್ತು ಕೋಣೆಯ ನಡುವಿನ ಬಾಗಿಲ ಮೇಲೆ ಕೂರಿಸಿದೆ. ಕಂಪನಿಯ ಫೈಬರ್ ಡಬ್ಬಿ ಇದ್ದಲ್ಲೇ ಇರಲಿ. ಗಾಜಿನ ಎಳೆಯ ಆ ತೆಳು ವಯರನ್ನು ಜೋರಾಗಿ ಬಗ್ಗಿಸಿದರೆ ಹಾಳಾಗುತ್ತದೆ.

ಮುಂಬೈ ಕಡೆಯ ಬಿಲ್ಡಿಂಗ್‌ಗಳಲ್ಲಿ ಇನ್ನೊಂದು ತಲೆನೋವು, ನೆರೆಮನೆಗಳ ವೈಫೈ. ನನ್ನ ಫೋನಿನಲ್ಲಿ ಒಮ್ಮೆಗೇ 23 ಹೆಸರು ಕಾಣುತ್ತವೆ. ವೈಫೈ ಅಲೆಗಳಿಗೆ ಬ್ಯಾಂಡ್ ಎಂಬ ಬೇರೆ ಬೇರೆ ಪಟ್ಟಿಗಳಿವೆ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಎಲ್ಲರೂ ಅಲ್ಲೇ ನುಗ್ಗುತ್ತಾರೆ, ಜೊತೆಗೆ ಮೈಕ್ರೋವೇವ್ ಓವನ್ನೂ ಅದೇ ಬ್ಯಾಂಡಿನದು. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಜಾಸ್ತಿ, ವೇಗವೂ ಜಾಸ್ತಿ. ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಚಿಕ್ಕ ಫ್ಲ್ಯಾಟಿಗೆ ಇದೇ ಸರಿ ಅಲ್ವಾ? ಫೋನು, ಲ್ಯಾಪ್‌ಟಾಪು, ಟಿವಿ 5ರಲ್ಲಿರಲಿ. ಸ್ಮಾರ್ಟ್ ಬಲ್ಬು, ಹಳೆಯ ಪ್ರಿಂಟರು 2.4ರಲ್ಲಿರಲಿ.

ಇಷ್ಟಾದ ಮೇಲೂ ಹೊಸದು ಬೇಕೆನಿಸಿದರೆ ಅಂಗಡಿಯಲ್ಲಿ ಎರಡು ವಿಷಯ ಕೇಳಿ. ಎರಡೂ ಬ್ಯಾಂಡ್ ಇದೆಯೇ? ಗಿಗಾಬಿಟ್ ಪೋರ್ಟ್, ಅಂದರೆ 1000 ಎಂಬಿಪಿಎಸ್‌ವರೆಗೆ ಓಡುವ ಕೇಬಲ್ ಕಿಂಡಿ, ಇದೆಯೇ? ಡಬ್ಬದ ಮೇಲೆ 300 ಎಂಬಿಪಿಎಸ್ ಎಂದಿದ್ದರೂ ಪೋರ್ಟ್ 100ರದ್ದಾದರೆ, ನಿಮ್ಮ 200ರ ಪ್ಲಾನಿನಲ್ಲಿ ಅರ್ಧ ವ್ಯರ್ಥ. ವೈಫೈ 6 ಸಿಕ್ಕರೆ ಒಳ್ಳೆಯದು, ಹಳೆಯ ಫೋನುಗಳೂ ಅದರಲ್ಲಿ ನಡೆಯುತ್ತವೆ. ಆಂಟೆನಾ ಎಷ್ಟಿವೆ ಎಂದು ಎಣಿಸಿ ಮರುಳಾಗಬೇಡಿ. ಪುಣೆಯಲ್ಲಿ ಎರಡು ಮಹಡಿಯ ರೋ ಹೌಸ್ ಇದ್ದವರಿಗೆ ಮೆಶ್, ಅಂದರೆ ಒಂದೇ ನೆಟ್‌ವರ್ಕಾಗಿ ನಡೆಯುವ ಎರಡು ಮೂರು ರೂಟರುಗಳ ಜೋಡಿ, ಬೇಕಾದೀತು. ಸಿಗ್ನಲನ್ನು ಹಿಡಿದು ಮುಂದೆ ದಾಟಿಸುವ ಅಗ್ಗದ ರಿಪೀಟರ್ ಮಾತ್ರ ಬೇಡ. ಒಂದೇ ಬ್ಯಾಂಡಿನಲ್ಲಿ ಕೇಳಿ ಅದರಲ್ಲೇ ತಿರುಗಿ ಹೇಳುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ.

ಜೋಡಿಸುವುದು ಸುಲಭ. ಹಳೆಯ ರೂಟರ್ ತೆಗೆಯುವ ಮೊದಲು ಕಂಪನಿಯಿಂದ ಪಿಪಿಪಿಒಇ (ಲೈನಿಗೆ ಲಾಗಿನ್ ಆಗುವ) ಹೆಸರು, ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ. ಕೆಲವು ಲೈನಿಗೆ ಇದು ಬೇಕಾಗುವುದಿಲ್ಲ, ಕೇಳಿದರೆ ಹೇಳುತ್ತಾರೆ. ಫೈಬರ್ ಡಬ್ಬಿಯ ಲ್ಯಾನ್ ಪೋರ್ಟಿನಿಂದ ಹೊಸ ರೂಟರಿನ ವ್ಯಾನ್ (ಹೊರಗಿನ ನೆಟ್ ಬರುವ) ಪೋರ್ಟಿಗೆ ಕೇಬಲ್ ಹಾಕಿ. ಡಬ್ಬಿಯಲ್ಲೇ ವೈಫೈ ಇದ್ದರೆ ಆ ವೈಫೈ ಬಂದ್ ಮಾಡಿ, ಹೊಸ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ (ವೈಫೈ ಹರಡುವ ಕೆಲಸ ಮಾತ್ರ ಮಾಡುವಂತೆ) ಇಟ್ಟರೂ ಸಾಕು, ಆಗ ಹೆಸರು, ಪಾಸ್‌ವರ್ಡಿನ ಗೋಜೇ ಇಲ್ಲ. ಫೋನಿನ ಬ್ರೌಸರಿನಲ್ಲಿ ರೂಟರಿನ ಅಡಿಯ ಚೀಟಿಯಲ್ಲಿರುವ ವಿಳಾಸ ಹೊಡೆಯಿರಿ. ಸಾಮಾನ್ಯವಾಗಿ ಅದು 192.168.0.1 ಅಥವಾ 192.168.1.1.

ಮೊದಲ ದಿನವೇ ಆ ಚೀಟಿಯ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆ. ಭದ್ರತೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ, ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಜೋಡಿಸುವ ಡಬ್ಲ್ಯೂಪಿಎಸ್ ಬಂದ್ ಮಾಡಿ. ವೈಫೈ ಪಾಸ್‌ವರ್ಡಾಗಿ ಫೋನ್ ನಂಬರ್, ಮಕ್ಕಳ ಹೆಸರು ಇಡಬೇಡಿ. ಊರಿಂದ ನೆಂಟರು ಬಂದರೆ ಗೆಸ್ಟ್ ನೆಟ್‌ವರ್ಕ್ ತೆರೆದುಕೊಡಿ, ಮನೆಯ ಪಾಸ್‌ವರ್ಡ್ ಹೇಳುವ ಕೆಲಸವೇ ಇಲ್ಲ. ಸೆಟ್ಟಿಂಗಿನಲ್ಲಿ ಫರ್ಮ್‌ವೇರ್ (ರೂಟರಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದರೆ ಅದನ್ನೂ ಮಾಡಿಬಿಡಿ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ನೆಟ್ ಉಳಿಯಬೇಕೆಂದರೆ ರೂಟರಿಗೆಂದೇ ಮಾರುವ ಸಣ್ಣ ಯುಪಿಎಸ್ ತನ್ನಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಅದಕ್ಕೆ ಸರಿಹೊಂದಲೇಬೇಕು, ಆಂಪಿಯರ್ ಕಡಿಮೆ ಇರಬಾರದು. ಫೈಬರ್ ಡಬ್ಬಿಯನ್ನೂ ಯುಪಿಎಸ್‌ಗೇ ಸಿಕ್ಕಿಸಿ. ರೂಟರ್ ಒಂದೇ ಉರಿಯುತ್ತಿದ್ದರೆ ವೈಫೈ ಹೆಸರು ಕಾಣುತ್ತದೆ, ನೆಟ್ ಬರುವುದಿಲ್ಲ.