ಪಿಕಪ್ ಶಾಫ್ಟಿನ ನಾಲ್ಕು ನಿಪ್ಪಲ್

ನಮ್ಮ ಪಿಕಪ್ ಮೊದಲು ಗುಬ್ಬಚ್ಚಿ ತರಹ ಕೂಗಲು ಶುರು ಮಾಡಿತು. ಮೂಡಿಗೆರೆಯಿಂದ ತೋಟಕ್ಕೆ ವಾಪಸ್ ಬರುವಾಗ, ಅದೂ ನಿಧಾನವಾಗಿ ಓಡಿಸಿದರೆ ಮಾತ್ರ, ಕೆಳಗಿನಿಂದ ಕಿಚ್ ಕಿಚ್ ಅನ್ನುತ್ತಿತ್ತು. ಜೋರಾಗಿ ಹೋದರೆ ಕೇಳಿಸುತ್ತಿರಲಿಲ್ಲ. ಹಾಗಾಗಿ ನಾನು ಜೋರಾಗಿ ಹೋಗುತ್ತಿದ್ದೆ.

ಒಂದು ತಿಂಗಳಲ್ಲಿ ಕಿಚ್ ಹೋಗಿ ಟಕ್ ಬಂತು. ಫಸ್ಟ್ ಗೇರಿನಿಂದ ರಿವರ್ಸಿಗೆ ಹಾಕಿ ಕ್ಲಚ್ ಬಿಟ್ಟರೆ ಹಿಂದೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಅಷ್ಟು ಹೊತ್ತಿಗೆ ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು, ದಿನಾ ಲೋಡು, ಗಾಡಿ ನಿಲ್ಲಿಸಲು ಪುರುಸೊತ್ತಿಲ್ಲ. ಕೊನೆಗೆ ಅರವತ್ತರ ಸ್ಪೀಡಿನಲ್ಲಿ ಸೀಟು, ಸ್ಟೀರಿಂಗ್ ಎಲ್ಲ ನಡುಗಲು ಶುರುವಾದಾಗ ಶಾಫ್ಟ್ ಬಿಚ್ಚಿಸಿದೆ, ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳ ಕಡೆ ಒಯ್ಯುವ ಉದ್ದನೆಯ ಕೊಳವೆ ಅದು. ಶಾಫ್ಟ್ ಬಾಗಿ ತಿರುಗಲು ಅದರ ಕೀಲುಗಳಲ್ಲಿ ಕೂಡಿಸುವ ಗುರುತಿನ ಆಕಾರದ ಕ್ರಾಸ್ ಇರುತ್ತದೆ, ಅದರ ಪ್ರತಿ ಕೈಯ ತುದಿಗೂ ಒಂದು ಬೇರಿಂಗ್ ಕಪ್. ಹಿಂದಿನ ಕ್ರಾಸಿನ ಒಂದು ಕಪ್ಪಿನೊಳಗೆ ಗ್ರೀಸ್ ಇರಲೇ ಇಲ್ಲ. ಬದಲಿಗೆ ಕುಂಕುಮದ ಹಾಗೆ ಕೆಂಪು ಪುಡಿ. ಒಳಗಿನ ಸೂಜಿ ಬೇರಿಂಗುಗಳು ಒಣಗಿ, ತುಕ್ಕು ಹಿಡಿದು ಸವೆದ ಪುಡಿ ಅದು.

ಸಿಟ್ಟು ಬಂದಿದ್ದು ಯಾಕೆಂದರೆ, ಎರಡು ತಿಂಗಳ ಹಿಂದಷ್ಟೇ ಸರ್ವಿಸ್ ಮಾಡಿಸಿದ್ದೆ. ಬಿಲ್ಲಿನಲ್ಲಿ ಗ್ರೀಸಿಂಗ್ ಅಂತಲೂ ಇತ್ತು. ಉಳಿದ ಕ್ರಾಸುಗಳಲ್ಲಿ ಹೊಸ ಗ್ರೀಸ್ ಇದ್ದದ್ದೂ ನಿಜ. ಯೋಚನೆ ಮಾಡಿದಾಗ ಹೊಳೆಯಿತು. ಆ ದಿನ ಗಾಡಿ ನಿಂತಾಗ ಈ ಕ್ರಾಸಿನ ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಸಣ್ಣ ಮೂತಿ, ಮೇಲ್ಮುಖವಾಗಿ, ಬಾಡಿ ಕಡೆಗೆ ತಿರುಗಿ ನಿಂತಿದ್ದಿರಬೇಕು. ಗುಂಡಿಯೊಳಗೆ ನಿಂತ ಹುಡುಗನಿಗೆ ಕಾಣಿಸಿಲ್ಲ, ಕಂಡಿದ್ದಕ್ಕೆಲ್ಲ ಗ್ರೀಸ್ ಹೊಡೆದಿದ್ದಾನೆ. ಅವತ್ತಿನಿಂದ ಈ ಕೆಲಸ ನಾನೇ ಮಾಡುತ್ತಿದ್ದೇನೆ.

ನಮ್ಮ ಗಾಡಿಯ ಶಾಫ್ಟ್ ಎರಡು ತುಂಡಿನದು. ಗೇರ್‌ಬಾಕ್ಸ್ ಹಿಂದೆ ಒಂದು ಕ್ರಾಸ್, ಮಧ್ಯದಲ್ಲಿ ಒಂದು, ಡಿಫರೆನ್ಷಿಯಲ್ (ಹಿಂದಿನ ಚಕ್ರಗಳನ್ನು ತಿರುಗಿಸುವ ಹಲ್ಲುಗಳ ಪೆಟ್ಟಿಗೆ) ಹತ್ತಿರ ಒಂದು. ಮೂರು ಕ್ರಾಸಿಗೆ ಮೂರು ನಿಪ್ಪಲ್. ನಾಲ್ಕನೆಯದು ಸ್ಲಿಪ್ ಜಾಯಿಂಟಿನದು. ಲೋಡು ಹಾಕಿದಾಗ ಹಿಂದಿನ ಸ್ಪ್ರಿಂಗ್ ಪಟ್ಟಿ ಕೆಳಗಿಳಿಯುತ್ತದಲ್ಲ, ಆಗ ಶಾಫ್ಟಿನ ಉದ್ದವೂ ಸ್ವಲ್ಪ ಹೆಚ್ಚುಕಮ್ಮಿ ಆಗಬೇಕು, ಅದಕ್ಕೆ ಒಂದರೊಳಗೊಂದು ಜಾರುವ ಹಲ್ಲುಗಳಿವೆ. ಶಾಫ್ಟನ್ನು ಮಧ್ಯದಲ್ಲಿ ಹಿಡಿದಿರುವ ಸೆಂಟರ್ ಬೇರಿಂಗ್ ನನ್ನ ಗಾಡಿಯಲ್ಲಿ ಸೀಲ್ ಆಗಿರುವಂಥದ್ದು, ಅದಕ್ಕೆ ನಿಪ್ಪಲ್ ಇಲ್ಲ. ನಿಮ್ಮ ಗಾಡಿಯಲ್ಲಿ ಲೆಕ್ಕ ಬೇರೆ ಇರಬಹುದು. ಕೆಲವು ಕ್ರಾಸುಗಳಿಗೆ ನಿಪ್ಪಲ್ಲೇ ಇರುವುದಿಲ್ಲ, ಸವೆದರೆ ಬದಲಾಯಿಸುವುದೇ. ಅದಕ್ಕೇ ಮೊದಲ ಸಲ ಗ್ರೀಸ್ ಗನ್ ಮುಟ್ಟದೆ ಸುಮ್ನೆ ಟಾರ್ಚ್ ಹಿಡಿದು ಕೆಳಗೆ ಮಲಗಿ ನಿಪ್ಪಲ್ ಎಣಿಸಿ. ಆ ಸಂಖ್ಯೆ ನೆನಪಿರಲಿ.

ಈ ಸಣ್ಣ ಕಪ್ಪಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂದರೆ, ಅರವತ್ತರ ಸ್ಪೀಡಿನಲ್ಲಿ ಗಾಡಿ ನಿಮಿಷಕ್ಕೆ 1 ಕಿಲೋಮೀಟರ್ ಹೋಗುತ್ತದೆ. ನನ್ನ ಟೈರು ಒಂದು ಸುತ್ತಿಗೆ 2.2 ಮೀಟರಿನಷ್ಟು ಉರುಳುತ್ತದೆ, ಅಂದರೆ ನಿಮಿಷಕ್ಕೆ ಸುಮಾರು 450 ಸುತ್ತು. ಚಕ್ರ ಒಂದು ಸುತ್ತು ಬರುವಾಗ ಶಾಫ್ಟ್ ಹತ್ತಿರ ಹತ್ತಿರ 4 ಸುತ್ತು. ಒಟ್ಟು 1800. ಪ್ರತಿ ಸುತ್ತಿಗೂ ಆ ಸೂಜಿಗಳು ಅದೇ ಜಾಗದಲ್ಲಿ ಒಂಚೂರು ಅತ್ತ, ಒಂಚೂರು ಇತ್ತ ಉಜ್ಜುತ್ತವೆ. ಪೂರ್ತಿ ಉರುಳುವುದಿಲ್ಲ. ಗ್ರೀಸ್ ಇಲ್ಲದಿದ್ದರೆ ಅಲ್ಲೇ ಗೆರೆ ಬೀಳುತ್ತದೆ. ಗೆರೆ ಬಿದ್ದ ಮೇಲೆ ಎಷ್ಟು ಗ್ರೀಸ್ ತುಂಬಿದರೂ ಪ್ರಯೋಜನ ಇಲ್ಲ.

ನನ್ನ ವರ್ಕ್‌ಶಾಪ್ ಅಂದರೆ ಕಾಫಿ ಕಣ. ಸಮತಟ್ಟಾದ ಸಿಮೆಂಟು ನೆಲ, ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಕೊಯ್ಲಿನ ಹೊತ್ತಿಗೆ ಕಣದ ತುಂಬ ಹಣ್ಣು ಹರಡಿರುತ್ತದೆ, ಆದ್ದರಿಂದ ಅದಕ್ಕೆ ಮೊದಲೊಂದು ಸಲ, ಮುಗಿದ ಮೇಲೊಂದು ಸಲ. ಮಳೆಗಾಲದಲ್ಲಿ ಶೆಡ್ಡಿನೊಳಗೆ, ಉಂಬಳ ಕೊಡವಿಕೊಂಡು. ಚಕ್ರಕ್ಕೆ ಅಡ್ಡ ಕೊಡಲು ಸಿಲ್ವರ್ ಮರದ ನಾಲ್ಕು ತುಂಡು, ಮಲಗಲು ಎರಡು ಗೋಣಿಚೀಲ. ಜಾಕ್ ನಾನು ಹಾಕುವುದೇ ಇಲ್ಲ, ಪಿಕಪ್ ಕೆಳಗೆ ನುಸುಳಲು ಬೇಕಾದಷ್ಟು ಜಾಗ ಇದೆ. ಬರೀ ಜಾಕ್ ನಂಬಿ ಯಾವ ಗಾಡಿಯ ಕೆಳಗೂ ಹೋಗಬೇಡಿ. ಓಡಿಸಿ ಬಂದ ತಕ್ಷಣವೂ ಬೇಡ, ಸೈಲೆನ್ಸರ್ ಪೈಪ್ ಮೊಣಕೈಗೆ ಮುತ್ತು ಕೊಡುತ್ತದೆ, ನನಗೆ ಕೊಟ್ಟಿದೆ.

ಮೇಲ್ಮುಖವಾಗಿರುವ ನಿಪ್ಪಲ್ ಸಮಸ್ಯೆಗೆ ಉಪಾಯ ಸುಲಭ. ಚಕ್ರದ ಒಂದು ಸುತ್ತಿಗೆ ಶಾಫ್ಟ್ ನಾಲ್ಕು ಸುತ್ತು ಬರುತ್ತದೆ ಅಂದೆನಲ್ಲ, ಹಾಗಾದರೆ ಗಾಡಿಯನ್ನು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಮುಂದೆ ತಳ್ಳಿದರೆ ಸಾಕು, ಶಾಫ್ಟ್ ಅರ್ಧ ಸುತ್ತು ತಿರುಗಿ ಮೇಲಿದ್ದ ನಿಪ್ಪಲ್ ಕೆಳಗೆ ಬರುತ್ತದೆ. ನಾನು ಹೊರಗೆ ಬಂದು, ತುಂಡುಗಳನ್ನು ತೆಗೆದು, ತಮ್ಮನನ್ನು ಸ್ಟೀರಿಂಗಿಗೆ ಕೂರಿಸಿ, ನ್ಯೂಟ್ರಲ್ ಮಾಡಿ ತಳ್ಳುತ್ತೇನೆ. ಮತ್ತೆ ಗೇರ್, ಹ್ಯಾಂಡ್‌ಬ್ರೇಕ್, ಮರದ ತುಂಡು. ಆಮೇಲೇ ಕೆಳಗೆ ಹೋಗುವುದು.

ಗ್ರೀಸ್ ಲಿಥಿಯಂ ಇಪಿ 2. ಇಪಿ ಅಂದರೆ ಜಾಸ್ತಿ ಒತ್ತಡ ತಡೆಯುವಂಥದ್ದು, 2 ಅನ್ನುವುದು ಅದರ ಗಟ್ಟಿತನದ ದರ್ಜೆ. ಒಂದೇ ತರಹದ್ದನ್ನೇ ಪ್ರತಿ ಸಲ ಬಳಸಿ, ಬೇರೆ ಬೇರೆ ಜಾತಿಯ ಗ್ರೀಸ್ ಬೆರೆತರೆ ಕೆಲವು ಸಲ ತೆಳ್ಳಗಾಗಿ ಹರಿದು ಹೋಗುತ್ತದೆ. ಗನ್ನಿಗೆ ತುಂಬಿಸಿದ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಮೊದಲ ಸಲ ಅರ್ಧ ಗಂಟೆ ಬರೀ ಗಾಳಿ ಹೊಡೆದವನು ನಾನು. ಗನ್ನಿನ ತಲೆಯನ್ನು ಸ್ವಲ್ಪ ಸಡಿಲ ಮಾಡಿ ಒತ್ತಿ, ಗ್ರೀಸ್ ಕಂಡ ಮೇಲೆ ಬಿಗಿ ಮಾಡಿ.

ನಿಪ್ಪಲ್ಲನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಇಲ್ಲದಿದ್ದರೆ ತುದಿಯ ಮಣ್ಣನ್ನು ನೀವೇ ಬೇರಿಂಗಿಗೆ ತುಂಬಿದ ಹಾಗೆ. ಗನ್ನಿನ ಬಾಯಿಯನ್ನು ನೇರವಾಗಿ ಕಚ್ಚಿಸಿ ನಿಧಾನವಾಗಿ ಒತ್ತಿ. ಕ್ರಾಸಿಗೆ ನಾಲ್ಕು ಕೈ, ನಾಲ್ಕು ಕಪ್. ಮೊದಲು ಕಪ್ಪು ಬಣ್ಣದ ಕೊಳಕು ಗ್ರೀಸ್ ಹೊರಗೆ ಬರುತ್ತದೆ, ಆಮೇಲೆ ಹೊಸದು. ಇದನ್ನು ನಾಲ್ಕೂ ಕಪ್ಪಿನ ಅಂಚಿನಲ್ಲಿ ನೋಡಬೇಕು. ಎಷ್ಟು ಸಲ ಒತ್ತಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಮೂರರಲ್ಲಿ ಬಂದು ಒಂದು ಹಟ ಹಿಡಿಯುತ್ತದೆ, ಸುಲಭದ ದಾರಿ ಸಿಕ್ಕಿದ ಮೇಲೆ ಗ್ರೀಸ್ ಕಷ್ಟದ ಕಡೆ ಯಾಕೆ ಹೋಗುತ್ತದೆ? ನಾನು ಬಂದ ಮೂರು ಅಂಚನ್ನು ಬೆರಳಲ್ಲಿ ಆದಷ್ಟು ಒತ್ತಿ ಹಿಡಿದು ತಮ್ಮನಿಗೆ ಗನ್ ಒತ್ತಲು ಹೇಳುತ್ತೇನೆ, ಅಥವಾ ಗಾಡಿಯನ್ನು ಒಂದು ಗೇಣು ಸರಿಸಿ ಮತ್ತೆ ನೋಡುತ್ತೇನೆ. ಆಗಲೂ ಬರದಿದ್ದರೆ ಆ ಕ್ರಾಸ್ ಬಿಚ್ಚಿ ನೋಡಲೇಬೇಕು. ಹೊರಬರುವ ಗ್ರೀಸಿನ ಬಣ್ಣವನ್ನೂ ನೋಡಿ. ಹಾಲು ಬೆರೆಸಿದ ಹಾಗಿದ್ದರೆ ನೀರು ಹೋಗಿದೆ. ಕೆಂಪಾಗಿದ್ದರೆ ಹೊಸ ಕ್ರಾಸಿಗೆ ದುಡ್ಡು ಜೋಡಿಸಿ.

ಸ್ಲಿಪ್ ಜಾಯಿಂಟಿಗೆ ಹಾಗಲ್ಲ. ಅದರ ತುದಿಯಲ್ಲಿ ಗಾಳಿ ಹೋಗಲು ಸಣ್ಣ ತೂತಿದೆ, ಅಲ್ಲಿ ಗ್ರೀಸ್ ಕಂಡಾಗ ತೂತಿಗೆ ಬೆರಳು ಒತ್ತಿ, ಹಲ್ಲಿನ ಕಡೆಯ ಸೀಲಿನಲ್ಲಿ ಕಾಣುವವರೆಗೆ ಮಾತ್ರ ಹೊಡೆಯುತ್ತೇನೆ. ಆಮೇಲೂ ಸಿಕ್ಕಾಪಟ್ಟೆ ತುಂಬಿದರೆ ಕೊನೆಯ ಮುಚ್ಚಳವೇ ಎದ್ದು ಬರಬಹುದು.

ಕೆಳಗೆ ಇರುವಾಗಲೇ ಪ್ಲೇ, ಅಂದರೆ ಎಲ್ಲಿ ಎಷ್ಟು ಸಡಿಲ ಇದೆ ಅಂತ, ನೋಡಿಬಿಡುತ್ತೇನೆ. ಶಾಫ್ಟನ್ನು ಹಿಡಿದು ತಿರುಗಿಸಿದರೆ ಸ್ವಲ್ಪ ಅಲ್ಲಾಡೇ ಅಲ್ಲಾಡುತ್ತದೆ, ಅದು ಡಿಫರೆನ್ಷಿಯಲ್ ಹಲ್ಲಿನದು, ಗಾಬರಿ ಬೇಡ. ಕಪ್ ಮತ್ತು ಅದನ್ನು ಹಿಡಿದಿರುವ ಕಿವಿಯ ಮೇಲೆ ಬೆರಳಿಟ್ಟು, ಶಾಫ್ಟನ್ನು ಮೇಲೆ ಕೆಳಗೆ ಎತ್ತಿ. ಅಲ್ಲಿ ಕೂದಲೆಳೆಯಷ್ಟು ಅಲ್ಲಾಡಿದರೂ ಕ್ರಾಸ್ ಹೋಗಿದೆ. ಶಾಫ್ಟಿನ ತುದಿಯನ್ನು ಜೋಡಿಸುವ ಫ್ಲ್ಯಾಂಜಿನ ಬೋಲ್ಟುಗಳಿಗೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡುತ್ತೇನೆ.

ಒಂದು ಪೆದ್ದು ಕೆಲಸವನ್ನೂ ಹೇಳಿಬಿಡುತ್ತೇನೆ. ಹೊಸ ಕ್ರಾಸ್ ಹಾಕಿದ ಮೇಲೆ, ಇನ್ನೇನು ಎಲ್ಲ ಕಲಿತೆ ಅನ್ನುವ ಜಂಬದಲ್ಲಿ ಶಾಫ್ಟ್ ನಾನೇ ಇಳಿಸಿ ಸ್ಲಿಪ್ ಜಾಯಿಂಟ್ ಎಳೆದು ತೊಳೆದೆ. ಗುರುತು ಹಾಕಿರಲಿಲ್ಲ. ವಾಪಸ್ ಜೋಡಿಸುವಾಗ ಕೆಲವು ಹಲ್ಲು ತಪ್ಪಿತು, ಗಾಡಿ ಹ್ಯಾಂಡ್‌ಪೋಸ್ಟ್ ತಲುಪುವುದರೊಳಗೆ ಮೊದಲಿಗಿಂತ ಜಾಸ್ತಿ ನಡುಗಿತು. ಕ್ರಾಸ್ ಬಾಗಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಏರಿ ಇಳಿಯುತ್ತದೆ. ಎರಡು ತುದಿಯ ಕಿವಿಗಳು ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ, ಹಲ್ಲು ತಪ್ಪಿದರೆ ನಡುಕ ಉಳಿದುಬಿಡುತ್ತದೆ. ಈಗ ಬಿಚ್ಚುವ ಮೊದಲೇ ಹಲ್ಲಿನ ಎರಡೂ ಕಡೆ, ಫ್ಲ್ಯಾಂಜಿನ ಎರಡೂ ಕಡೆ, ಗೇಟಿಗೆ ಬಳಿದು ಉಳಿದ ಬಿಳಿ ಪೇಂಟಿನಲ್ಲಿ ಗೆರೆ ಎಳೆಯುತ್ತೇನೆ.

ಎಷ್ಟು ದಿನಕ್ಕೊಮ್ಮೆ ಅಂತ ಗಾಡಿಯ ಪುಸ್ತಕದಲ್ಲಿ ಕಿಲೋಮೀಟರ್ ಲೆಕ್ಕ ಇರುತ್ತದೆ. ಡಾಂಬರು ರಸ್ತೆಯಲ್ಲಿ ಓಡುವವರಿಗೆ ಅದು ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಹಳ್ಳ ದಾಟಿಕೊಂಡು ತೋಟಕ್ಕೆ ಹೋಗುವ ನಮಗೆ ಸಾಕಾಗಲ್ಲ. ಶಾಫ್ಟ್ ಮುಳುಗುವಷ್ಟು ನೀರಿಗೆ ಇಳಿದರೆ ಆ ವಾರವೇ ಹೊಡೆಯುತ್ತೇನೆ. ವಾಟರ್ ಸರ್ವಿಸ್ ಮಾಡಿಸಿದರೂ ಅಷ್ಟೇ. ಜೆಟ್ಟನ್ನು ಕ್ರಾಸಿನ ಹತ್ತಿರ ಹಿಡಿದರೆ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ, ಆದ್ದರಿಂದ ಮೊದಲು ತೊಳೆಸಿ, ಆಮೇಲೆ ಗ್ರೀಸ್.

ಎಲ್ಲ ಆದ ಮೇಲೆ ಹೊರಗೆ ಬಂದಿದ್ದನ್ನು ಒರೆಸಿ, ಪ್ರತಿ ನಿಪ್ಪಲ್ ತುದಿಗೂ ಒಂದು ಬೊಟ್ಟು ಗ್ರೀಸ್ ಇಡುತ್ತೇನೆ. ರಬ್ಬರ್ ಟೋಪಿಗಳು ನಮ್ಮ ರಸ್ತೆಯಲ್ಲಿ ನಾಲ್ಕು ದಿನ ಬಾಳಲ್ಲ. ಮುಂದಿನ ಸಲ ಆ ಬೊಟ್ಟು ಒರೆಸಿದರೆ ಕೂತಿದ್ದ ಮಣ್ಣೂ ಅದರ ಜೊತೆಗೇ ಬರುತ್ತದೆ.