ಮೊದಲು ನೀರಿನ ಪಾಳಿ ಬರೆಯಿರಿ, ಸಸಿ ಆಮೇಲೆ ತನ್ನಿ

ವಿಜಯಪುರ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಜೂನ್ 5ರ ವಿಶ್ವ ಪರಿಸರ ದಿನ ಬಂತೆಂದರೆ ಇಕೋ ಕ್ಲಬ್ ಮಕ್ಕಳಿಗೆ ಸಸಿ ನೆಡುವ ಸಂಭ್ರಮ. ಮರುವರ್ಷ ಅದೇ ತಗ್ಗಿನಲ್ಲಿ ಒಣ ಕಡ್ಡಿ ನಿಂತಿರುತ್ತದೆ. ಇಲ್ಲಿ ಸಸಿಗಳು ಹೆಚ್ಚಾಗಿ ಸಾಯುವುದು ಏಪ್ರಿಲ್–ಮೇ ರಜೆಯಲ್ಲಿ. ಶಾಲೆ ನಡೆಯುವಾಗ ಬಿಸಿಯೂಟದ ತಟ್ಟೆ ತೊಳೆದ ನೀರಾದರೂ ಬುಡಕ್ಕೆ ಹರಿಯುತ್ತದೆ. ರಜೆ ಶುರುವಾದೊಡನೆ ಅದೂ ನಿಲ್ಲುತ್ತದೆ, ಬಿಸಿಲು 40 ಡಿಗ್ರಿ ದಾಟುತ್ತದೆ.

1. ಮುಂದಾಳತ್ವವನ್ನು ಎಂಟನೆಯ ತರಗತಿಗೆ ಕೊಡಿ. ಹತ್ತನೆಯವರು ಪರೀಕ್ಷೆ ಬರೆದು ಹೋಗಿಬಿಡುತ್ತಾರೆ. ಎಂಟನೆಯವರ ಕೈಯಲ್ಲಿ ಎರಡು ಬೇಸಿಗೆಗಳಿವೆ, ಸಸಿಗೆ ಬೇಕಾದದ್ದೂ ಅಷ್ಟೇ.

2. ಈಗ ಪಾಳಿ. ಎಲ್ಲರೂ ಎಡವುವುದು ಇಲ್ಲೇ. ‘ಎಲ್ಲರೂ ನೀರು ಹಾಕೋಣ’ ಎಂದರೆ ಯಾರೂ ಹಾಕುವುದಿಲ್ಲ. ರಜೆಯಲ್ಲಿ ಅಜ್ಜಿಯ ಊರಿಗೆ ಹೋಗುವವರು ಯಾರು, ಯಾವಾಗ ಎಂದು ಮೊದಲೇ ಕೇಳಿ ಬರೆದುಕೊಳ್ಳಿ. ಉಳಿದವರಲ್ಲಿ ಒಂದೇ ಓಣಿಯ ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಮದುವೆಗೋ ಜಾತ್ರೆಗೋ ಹೋದರೆ ಇನ್ನೊಬ್ಬರು ಬರುತ್ತಾರೆ. ಒಂದು ಜೋಡಿಗೆ ಐದು ಸಸಿ ಸಾಕು. ಆರು ಜೋಡಿ ಸಿಕ್ಕರೆ ಮೂವತ್ತೇ ಸಸಿ ತನ್ನಿ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ನೂರು ಸಿಗುತ್ತವೆಂದು ನೂರು ತರಬೇಡಿ. ಗೇಟಿನ ಬೀಗದ ಕೈ ಯಾರ ಮನೆಯಲ್ಲಿ, ಮೋಟಾರು ಕೆಟ್ಟರೆ ನೀರು ಎಲ್ಲಿಂದ ಎಂಬುದನ್ನು ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಮುಂದೆ ತೀರ್ಮಾನಿಸಿ, ಪಾಳಿ ಪುಸ್ತಕದಲ್ಲೇ ಬರೆಯಿಸಿ. ಬರೆಯದ ಒಪ್ಪಿಗೆ ಮೇ ತಿಂಗಳಲ್ಲಿ ಯಾರಿಗೂ ನೆನಪಿರುವುದಿಲ್ಲ.

3. ಬೇವು, ಹೊಂಗೆ, ಹುಣಸೆ ಆರಿಸಿ. ಅಂದಕ್ಕೆಂದು ನೆಡುವ ವಿದೇಶಿ ಗಿಡ ಕೊನೊಕಾರ್ಪಸ್ ಬೇಡವೇ ಬೇಡ. ಅದು ಬೇಗ ಹಸಿರಾಗುತ್ತದೆ ನಿಜ, ಆದರೆ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ.

4. ಮೃಗಶಿರಾ ಮಳೆ ಬಿದ್ದು ಮಣ್ಣು ಗೇಣುದ್ದ ತೊಯ್ದ ಮೇಲೆ ನೆಡಿ, ತಾರೀಖು ನೋಡಬೇಡಿ. ಪ್ಲಾಸ್ಟಿಕ್ ಚೀಲ ಹರಿದು ತೆಗೆಯಿರಿ. ಆಡು ಬಾಯಿ ಹಾಕದಂತೆ ಜಾಲಿಮುಳ್ಳು ಕಟ್ಟಿ.

5. ನೀರು ಹಾಕುವುದಕ್ಕೂ ರೀತಿಯಿದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಆ ಬಿರುಕಿಗೆ ಕೊಡ ಬಗ್ಗಿಸಿದರೆ ನೀರು ಗಟಗಟನೆ ಕೆಳಗಿಳಿದು ಹೋಗುತ್ತದೆ, ಬೇರಿನ ಸುತ್ತಲಿನ ಮಣ್ಣು ಒಣಗಿಯೇ ಇರುತ್ತದೆ. ಮೊದಲು ಮೇಲ್ಮಣ್ಣು ಕೆದಕಿ ಬಿರುಕು ಮುಚ್ಚಿ, ಆಮೇಲೆ ನಿಧಾನವಾಗಿ ಹಾಕಿ, ಮೇಲೆ ಜೋಳದ ಕಣಕಿ ಹೊದಿಸಿ. ಇದಕ್ಕಿಂತ ಒಳ್ಳೆಯದು ಗಡಿಗೆ: ಸಸಿಯಿಂದ ಒಂದು ಗೇಣು ದೂರದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿದರೆ ತಾನಾಗಿ ಜಿನುಗುತ್ತದೆ, ದಿನವೂ ಬರುವ ಕಷ್ಟ ತಪ್ಪುತ್ತದೆ. ಕುಂಬಾರರಿಂದ ಬಣ್ಣ ಬಳಿಯದ ಸಾದಾ ಗಡಿಗೆಯನ್ನೇ ತನ್ನಿ. ಅಂಗಡಿಯ ಬಣ್ಣದ ಗಡಿಗೆ ಜಿನುಗುವುದಿಲ್ಲ. ತಲೆಕೆಳಗಾಗಿ ಚುಚ್ಚುವ ಪ್ಲಾಸ್ಟಿಕ್ ಬಾಟಲಿಯನ್ನು ನಂಬಬೇಡಿ, ಎರೆಮಣ್ಣು ಅದರ ತೂತನ್ನು ಮೆತ್ತಿಬಿಡುತ್ತದೆ.

6. ರಜೆ ಮುಗಿದು ಶಾಲೆ ತೆರೆದ ಮೊದಲ ವಾರ ಪ್ರತಿ ಸಸಿಯ ಮುಂದೆ ನಿಂತು ಬದುಕಿದ್ದು, ಸತ್ತದ್ದು ಎಂದು ಪಾಳಿ ಪುಸ್ತಕದಲ್ಲಿ ಗುರುತು ಹಾಕಿ. ಸತ್ತ ಜಾಗಕ್ಕೆ ಮಾತ್ರ ಹೊಸದನ್ನು ನೆಟ್ಟು, ಪುಸ್ತಕವನ್ನು ಹೊಸ ಎಂಟನೆಯವರಿಗೂ ತೋರಿಸಿ ಜೋಡಿಗಳನ್ನು ಮತ್ತೆ ಬರೆಯಿರಿ.